ಶೇಂಗಾ ಚಟ್ನಿಪುಡಿ ಅಂಗಡಿಗೆ ಹಾಕುವ ಮುಂಚೆ ಈ ಲೆಕ್ಕ ಮಾಡಿ

ಧಾರವಾಡದ ನಮ್ಮ ಓಣಿಯ ವೈನಿಯೊಬ್ಬರು ಶೇಂಗಾ ಚಟ್ನಿಪುಡಿ ಮಾಡಿ ಎಂಟು ಅಂಗಡಿಗೆ ಹಾಕಿದರು. ಮಾಲು ಸರಾಗ ಹೋಯಿತು. ಆರು ತಿಂಗಳಾದ ಮೇಲೆ ನೋಡಿದರೆ ಡಬ್ಬಿಯಲ್ಲಿ ಎಣಿಸಿದಷ್ಟು ದುಡ್ಡಿಲ್ಲ. ರುಚಿಯಲ್ಲಿ ತಪ್ಪಿರಲಿಲ್ಲ, ಭಾಗಿಸಬೇಕಾದಲ್ಲಿ ಕೂಡಿಸಿದ್ದರು. ಹೀಗೆ ಎಡವಿದವರನ್ನು ಅವರಾದ ಮೇಲೂ ನಾಲ್ಕೈದು ಮಂದಿ ನೋಡಿದ್ದೇನೆ.

1. ಒಂದೇ ಪುಡಿಯಿಂದ ಶುರು ಮಾಡಿ. ಅಗಸಿ, ಗುರೆಳ್ಳು, ನುಗ್ಗೆಸೊಪ್ಪು ಎಲ್ಲ ಒಟ್ಟಿಗೆ ತಂದರೆ ಯಾವುದು ಓಡುತ್ತಿದೆ ಎಂದು ಗೊತ್ತಾಗುವುದಿಲ್ಲ. ರುಚಿ ಹೇಗಿದೆ ಎಂದು ನೆಂಟರನ್ನು ಕೇಳಲೇಬೇಡಿ, ಪುಕ್ಕಟೆ ತಿಂದವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ದುಡ್ಡು ಕೊಟ್ಟು ಒಯ್ದವರು ಎರಡನೇ ಸಲ ಬಂದರೋ ಇಲ್ಲವೋ, ಅಷ್ಟು ನೋಡಿ.

2. ಕಾಗದಪತ್ರ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ, 14 ಅಂಕಿಯ ಆ ಸಂಖ್ಯೆ ಪಾಕೀಟಿನ ಮೇಲೆ ಬರಬೇಕು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಪೂರ್ತಿ ಉಚಿತ. ‘ಮಾಡಿಸಿಕೊಡ್ತೀವಿ, ಎರಡು ಸಾವಿರ ಕೊಡಿ’ ಎನ್ನುವವರ ಫೋನು ಇಟ್ಟುಬಿಡಿ.

3. ರೇಟು. ಇಲ್ಲಿ ಪೆನ್ನು ಹಿಡಿದು ಕೂರಬೇಕು.

ಮೊದಲು ಅಸಲು. ಒಂದು ಕಿಲೋ ಶೇಂಗಾ ಹುರಿದು, ಸಿಪ್ಪೆ ಕೇರಿದ ಮೇಲೆ ನನ್ನ ತಕ್ಕಡಿಯಲ್ಲಿ 900 ಗ್ರಾಂ ಆಸುಪಾಸು ನಿಲ್ಲುತ್ತದೆ. ಹಾಗಾಗಿ ಕಿರಾಣಿ ಚೀಟಿಯ ತೂಕ ಬಿಟ್ಟು, ಪುಡಿಯಾಗಿ ಪಾಕೀಟಿಗೆ ಇಳಿದ ತೂಕ ಹಿಡಿದು ಲೆಕ್ಕ ಹಾಕಿ. ಲೆಕ್ಕಕ್ಕೊಂದು ಮಾದರಿ ಇಟ್ಟುಕೊಳ್ಳೋಣ. 200 ಗ್ರಾಂ ಪಾಕೀಟಿಗೆ ಸಾಮಾನು 38 ರೂಪಾಯಿ, ಪಾಕೀಟು ಮತ್ತು ಸ್ಟಿಕರ್ 5, ಗ್ಯಾಸು ಮತ್ತು ಕರೆಂಟು 4, ಕೂಲಿ 12, ಸಾಗಣೆ 4, ಒಡೆದದ್ದು ಮತ್ತು ವಾಪಸು ಬಂದದ್ದು 3. ಒಟ್ಟು 66. ಕೂಲಿ ಎಂದರೆ ನಿಮ್ಮ ಕೂಲಿಯೂ ಸೇರಿ. ‘ನಾನೇ ಮಾಡೋದಲ್ವಾ’ ಎಂದು ಅದನ್ನು ಬಿಟ್ಟರೆ, ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡ ದಿನವೇ ನಷ್ಟ ಶುರು. ಲಾಭ 14 ಇಟ್ಟುಕೊಂಡರೆ ನಿಮ್ಮ ಕೈಗೆ 80 ಬರಬೇಕು.

ಈಗ ಅಂಗಡಿಯವರು ಹೇಳುತ್ತಾರೆ: “ಅಕ್ಕಾರ, ಇಪ್ಪತ್ತು ಪರ್ಸೆಂಟ್ ಬಿಟ್ರ ಇಡ್ತೇನ್ರಿ.” ವೈನಿ 80ಕ್ಕೆ ಅದರ ಶೇ 20, ಅಂದರೆ 16 ಸೇರಿಸಿ ಎಂಆರ್‌ಪಿ 96 ಎಂದು ಅಚ್ಚು ಹಾಕಿಸಿದರು. ಆದರೆ ಅಂಗಡಿಯವರ ಇಪ್ಪತ್ತು ಎಂಆರ್‌ಪಿಯ ಮೇಲಿನದು. 96ರಲ್ಲಿ 19 ರೂಪಾಯಿ 20 ಪೈಸೆ ಅವರು ಹಿಡಿದುಕೊಂಡರೆ ನಿಮಗೆ ಉಳಿಯುವುದು 76.80. ಹದಿನಾಲ್ಕರ ಲಾಭದಲ್ಲಿ ಮೂರು ರೂಪಾಯಿ ಇಪ್ಪತ್ತು ಪೈಸೆ ಅಲ್ಲೇ ಸೋರಿತು. ಎಂಆರ್‌ಪಿಯಲ್ಲಿ ನಿಮ್ಮ ಪಾಲು ನೂರಕ್ಕೆ ಎಂಬತ್ತು, ಹಾಗಾಗಿ ಸರಿಯಾದ ಲೆಕ್ಕ 80ನ್ನು 0.80ರಿಂದ ಭಾಗಿಸುವುದು, ಬರುವುದು 100. ನಡುವೆ ಡಿಸ್ಟ್ರಿಬ್ಯೂಟರ್ ಬಂದು ಎಂಆರ್‌ಪಿಯ ಮೇಲೆ ಇನ್ನೂ ಶೇ 8 ಕೇಳಿದರೆ 0.72ರಿಂದ ಭಾಗಿಸಿ, 111 ದಾಟುತ್ತದೆ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ, ಜಿಎಸ್‌ಟಿ ಇರುವವರು ಅದನ್ನೂ ಇದರೊಳಗೇ ಹೊಂದಿಸಬೇಕು.

ಮುಂದೆ ಡಿಸ್ಟ್ರಿಬ್ಯೂಟರ್ ಬರಬಹುದು ಅನಿಸಿದರೆ ಆ ಎಂಟನ್ನು ಇವತ್ತೇ ರೇಟಿನಲ್ಲಿ ಸೇರಿಸಿಬಿಡಿ. 100ಕ್ಕೆ ರೂಢಿಯಾದ ಗಿರಾಕಿಗೆ ಆಮೇಲೆ 112 ಎಂದರೆ ಮುಖ ತಿರುಗಿಸುತ್ತಾರೆ. ‘ಮೊದಲು ಕಡಿಮೆ ಇಟ್ಟು ಹೆಸರು ಮಾಡೋಣ’ ಎನ್ನುವ ಮಾತು ನನಗಂತೂ ಒಪ್ಪಿಗೆಯಿಲ್ಲ.

4. ಪಾಕೀಟು. ಮೋಂಬತ್ತಿಯಲ್ಲಿ ಸುಟ್ಟು ಅಂಟಿಸುವ ತೆಳ್ಳನೆ ಪ್ಲಾಸ್ಟಿಕ್ ಬೇಡ. ಶೇಂಗಾದ ಎಣ್ಣೆಗೆ ಗಾಳಿ, ಬೆಳಕು ತಾಗಿದರೆ ಕಮಟು ವಾಸನೆ ಗ್ಯಾರಂಟಿ. ಪುಡಿ ಕಾಣಲಿ ಎಂದು ಪಾರದರ್ಶಕ ಕಿಟಕಿ ಇರುವ ಪಾಕೀಟು ಮಾರುತ್ತಾರಲ್ಲ, ಅದನ್ನೂ ತರಬೇಡಿ. ನಾನು ಐನೂರು ತಂದು ಇನ್ನೂರು ಎಸೆದಿದ್ದೇನೆ. ಪ್ರತಿ ಸಲದ ಮಾಲಿನಿಂದ ಐದು ಪಾಕೀಟು ಮನೆಯಲ್ಲೇ ತಾರೀಖು ಬರೆದು ಇಡಿ, ತಿಂಗಳಿಗೊಂದು ಒಡೆದು ಮೂಸಿ. ಗ್ರಾಮಿಗೆ ಎಷ್ಟು ಎಂಬ ಬೆಲೆಯೂ ಮೇಲೆ ಬರಬೇಕು. 200 ಗ್ರಾಮಿಗೆ 100 ರೂಪಾಯಿ ಎಂದರೆ ಗ್ರಾಮಿಗೆ 50 ಪೈಸೆ.

5. ಪ್ರಚಾರ. ರೀಲ್ಸಿಗೆ ದುಡ್ಡು ಸುರಿಯುವ ಬದಲು ಕಟಕ್ ರೊಟ್ಟಿ ಮಾರುವವರ ಮಗ್ಗುಲಿಗೆ ಪಾಕೀಟು ಇಡಿಸಿ.

6. ಉದ್ರಿ. ಉದ್ಯಮ್ ನೋಂದಣಿ ಇದ್ದರೆ ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಪರ. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಬರಬೇಕು. ಆದರೆ ಸಾವಿರದಿನ್ನೂರು ರೂಪಾಯಿಗೆ ಓಣಿಯ ಅಂಗಡಿಯವರ ಮುಂದೆ ಕಾಯ್ದೆ ಓದುವವರು ಯಾರು? ಮೊದಲ ಡಜನ್ನಿನ ದುಡ್ಡು ಬರುವ ತನಕ ಎರಡನೇ ಡಜನ್ ಇಳಿಸಬೇಡಿ. ನೋಟುಬುಕ್ಕಿನಲ್ಲಿ ಕೊಟ್ಟದ್ದು, ಹೋದದ್ದು, ವಾಪಸು, ಬಾಕಿ ಎಂದು ನಾಲ್ಕು ಗೆರೆ ಎಳೆದು ಅಂಗಡಿಯವರ ಸಹಿ ಹಾಕಿಸಿ. ವೈನಿ ಈಗ ಹಾಗೇ ಮಾಡುತ್ತಿದ್ದಾರೆ. ಸಹಿ ಹಾಕಲ್ಲ ಎಂದ ಮೂರು ಅಂಗಡಿ ಬಿಟ್ಟರು, ಉಳಿದ ಐದಕ್ಕೆ ಪ್ರತಿ ಶನಿವಾರ ಸ್ಕೂಟಿ ಹತ್ತುತ್ತಾರೆ.