ಬುದ್ಧಿ ಹೇಳುವ ಚಟ

ರಾಯಚೂರಿನಲ್ಲಿ ಕೌನ್ಸೆಲಿಂಗ್‌ಗೆ ಕೂತು ಹತ್ತು ವರ್ಷವಾಯಿತು. ಕುಡಿತದ ಚಟದವರೇ ಜಾಸ್ತಿ. ಅವರಾಗಿಯೇ ಬರುವವರು ಕಡಿಮೆ. ಸಿಂಧನೂರು, ಮಾನ್ವಿ, ದೇವದುರ್ಗದ ಕಡೆಯಿಂದ ಹೆಂಡತಿಯೋ ಅಣ್ಣನೋ ಕರೆದುಕೊಂಡು ಬರುತ್ತಾರೆ. ಬಂದವರ ಮೊದಲ ಮಾತು ಒಂದೇ: ‘ಇವರಿಗೆ ಒಂದೀಟು ಬುದ್ಧಿ ಹೇಳ್ರಿ ಮೇಡಂ.’

ನಾನೂ ಹೇಳುತ್ತಿದ್ದೆ. ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ತಿದ್ದಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ, ಕಲಿತವಳು. ಯೋಚನೆ ಬರೆಸುವುದು, ಹೋಂವರ್ಕ್ ಕೊಡುವುದು ನನಗೆ ಸಲೀಸು. ಜೊತೆಗೆ ಲಿವರ್, ಸಾಲ, ಮಕ್ಕಳ ಫೀಸು ಎಲ್ಲ ಲೆಕ್ಕ ಹಾಕಿ ತೋರಿಸುತ್ತಿದ್ದೆ. ‘ಹೌದ್ರಿ ಮೇಡಂ, ನಾಳಿಂದ ಬಿಡ್ತೀನ್ರಿ’ ಅಂದವರಲ್ಲಿ ಎಷ್ಟೋ ಜನ ಮತ್ತೆ ಈ ಕಡೆ ಬರಲೇ ಇಲ್ಲ.

ಅದಕ್ಕೇ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅನ್ನುವ ಕೌನ್ಸೆಲಿಂಗ್ ವಿಧಾನ ಕಲಿಯಲು ಹೋದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಇದರ ಬಗ್ಗೆ ಮೊದಲು ಬರೆದದ್ದೇ ಕುಡಿತದ ಸಮಸ್ಯೆ ಇರುವವರನ್ನು ಮುಂದಿಟ್ಟುಕೊಂಡು. ಕುಡಿಯುವವನ ಒಳಗೆ ‘ಬಿಡಬೇಕು’, ‘ಬಿಡಲಾರೆ’ ಎರಡೂ ಇರುತ್ತವೆ. ನಾವು ಬಿಡುವ ಪರ ವಾದಿಸಿದರೆ ಅವನು ಕುಡಿತದ ಪರ ವಕೀಲನಾಗುತ್ತಾನೆ. ಬಿಡುವ ಮಾತು ಅವನ ಬಾಯಿಂದಲೇ ಬರಬೇಕು.

ಎರಡು ದಿನದ ತರಬೇತಿ ಮುಗಿದಾಗ ಎಲ್ಲ ಬಂತು ಅಂದುಕೊಂಡೆ. ಸೂಪರ್‌ವೈಸರ್ ಒಂದು ಸೆಶನ್ನಿನ ರೆಕಾರ್ಡ್ ಕಳಿಸಲು ಹೇಳಿದರು. ಬಂದವರ ಒಪ್ಪಿಗೆ ಪಡೆದು ಮಾಡಿದೆ, ಕಳಿಸುವ ಮುಂಚೆ ನಾನೇ ಎಣಿಸಿದೆ. 40 ನಿಮಿಷದಲ್ಲಿ 31 ಪ್ರಶ್ನೆ. ಅವರ ಮಾತಿನ ಒಳಗಿನದ್ದನ್ನು ಅವರಿಗೇ ತಿರುಗಿಸಿ ಹೇಳುವುದು, ಅಂದರೆ ರಿಫ್ಲೆಕ್ಷನ್, ಬರೀ 4. ಒಂದು ಪ್ರಶ್ನೆಗೆ ಎರಡು ರಿಫ್ಲೆಕ್ಷನ್ ಇದ್ದರೆ ಒಳ್ಳೆಯ ಮಟ್ಟ ಅನ್ನುತ್ತಾರೆ. ಪೊಲೀಸ್ ಠಾಣೆಯಲ್ಲೂ ನನ್ನಷ್ಟು ಪ್ರಶ್ನೆ ಕೇಳಲಿಕ್ಕಿಲ್ಲ! ಬರೀ ಕಾರ್ಯಾಗಾರ ಸಾಲದು, ಸೆಶನ್ ಕೇಳಿ ತಿದ್ದುವವರು ಬೇಕು ಎಂದು ಮಿಲ್ಲರ್ ತಂಡವೇ 2004ರ ಅಧ್ಯಯನದಲ್ಲಿ ತೋರಿಸಿದೆ. ಅದನ್ನು ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ನಿಜವಾದ ಕಷ್ಟ ಭಾಷೆಯದ್ದು. ತರಬೇತಿ ಇಂಗ್ಲಿಷಿನಲ್ಲಿ. ಅಲ್ಲಿಯ ಮಾತನ್ನೇ ಹಾಗೇ ಕನ್ನಡಕ್ಕೆ ತಂದು, ಬಂದವರೊಬ್ಬರಿಗೆ ‘ಹೆಂಡತಿಯ ಮಾತಿನಿಂದ ನಿಮಗೆ ನೋವಾಗುತ್ತಿದೆ ಅಂತ ನನಗೆ ಕೇಳಿಸುತ್ತಿದೆ’ ಅಂದೆ. ಅವರು ನನ್ನ ಮುಖ ನೋಡಿ, ‘ಈಗ ಅದನ್ನ ಹೇಳಿದ್ನಲ್ರಿ’ ಅಂದರು. ಗಿಳಿಪಾಠ ಒಪ್ಪಿಸಿದ ಹಾಗಾಯಿತು. ಆಮೇಲೆ ನಮ್ಮ ಕಡೆಯ ಮಾತಿನಲ್ಲೇ ಹುಡುಕಿದೆ. ಕೊನೆಗೆ ‘ಹೌದಿಲ್ಲೋ?’ ಸೇರಿಸಿದರೆ ವಿಚಾರಣೆ ಆಗುತ್ತದೆ. ದನಿ ಏರಿಸಿದರೆ ಪ್ರಶ್ನೆ. ದನಿ ಇಳಿಸಿ, ಚಿಕ್ಕದಾಗಿ ಹೇಳಬೇಕು.

ಒಬ್ಬರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಹೇಳಿದರು: ‘ದುಡಿದು ಬಂದ ಮ್ಯಾಲೆ ಮೈನೋವಿಗೆ ಒಂದ್ ಕ್ವಾರ್ಟರ್ ಬೇಕ್ರಿ. ಮಗಳು ಮಾತ್ರ ವಾಸನಿಗೆ ದೂರ ಹೋಗಿ ಮಲಗ್ತಾಳ.’ ಮೊದಲಾಗಿದ್ದರೆ ‘ನೋಡ್ರಿ, ಮಗಳ ಸಲುವಾಗಿಯಾದ್ರೂ ಬಿಡ್ರಿ’ ಅಂತ ಹಾರಿ ಬೀಳುತ್ತಿದ್ದೆ. ಈ ಸಲ ‘ಮಗಳು ದೂರ ಮಲಗೋದು ಚುಚ್ಚತೈತಿ’ ಅಂದು ಸುಮ್ಮನಾದೆ. ಅವರೂ ಸುಮ್ಮನೆ ಕೂತರು. ಬಾಯಿ ತುದಿಗೆ ನಾಲ್ಕು ಉಪದೇಶ ಬಂದಿತ್ತು, ಪೆನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೊನೆಗೆ ಅವರೇ, ‘ಅದಕ್ಕರ ಬಿಡಬೇಕ್ರಿ’ ಅಂದರು.

ಆ ಹುಮ್ಮಸ್ಸಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ದಿನಾ ಕುಡಿಯುವ ಒಬ್ಬರಿಗೆ ಬೆಳಗ್ಗೆ ಕೈ ನಡುಗುತ್ತಿತ್ತು. ‘ನಾಳೆಯಿಂದ ಪೂರ್ತಿ ಬಂದ್’ ಅಂದಾಗಲೂ ನಾನು ರಿಫ್ಲೆಕ್ಷನ್ ಮಾಡುತ್ತಾ ಕೂತೆ. ಸೂಪರ್‌ವೈಸರ್ ಬೈದರು, ಸರಿಯಾಗಿಯೇ ಬೈದರು. ಅಂಥವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಅವತ್ತೇ ಫೋನ್ ಮಾಡಿ ಡಾಕ್ಟರ ಹತ್ತಿರ ಕಳಿಸಿದೆ. ಬುದ್ಧಿ ಹೇಳಬಾರದು ಅಂದರೆ ಮಾಹಿತಿ ಮುಚ್ಚಿಡು ಅಂತಲ್ಲ, ಅಲ್ವಾ? ಈಗ ‘ಒಂದು ಮಾತು ಹೇಳಲೇನ್ರಿ?’ ಅಂತ ಕೇಳಿ, ಹೇಳಿ, ‘ನಿಮಗೇನ್ ಅನಸ್ತದ?’ ಅನ್ನುತ್ತೇನೆ.

ಹೊರಗೆ ಕೂತ ಹೆಂಡತಿಯರು ಈಗಲೂ ‘ಬುದ್ಧಿ ಹೇಳಿದ್ರ್ಯಾ ಮೇಡಂ?’ ಅಂತಲೇ ಕೇಳುತ್ತಾರೆ. ಅದಕ್ಕೆ ಉತ್ತರ ನನಗಿನ್ನೂ ಸಿಕ್ಕಿಲ್ಲ. ಹೋದ ತಿಂಗಳ ರೆಕಾರ್ಡಿನಲ್ಲಿ 17 ಪ್ರಶ್ನೆ, 15 ರಿಫ್ಲೆಕ್ಷನ್. ಮುಂದಿನದನ್ನು ಶನಿವಾರ ಕಳಿಸಬೇಕು.