ಎಐ ಮಾಡಿದ್ದೋ, ಮನುಷ್ಯರು ಮಾಡಿದ್ದೋ? ಬೆರಳೆಣಿಸುವ ಮೊದಲು ಮೂಲ ಹಿಡಿಯಿರಿ

ಎಐ ಚಿತ್ರ ಅಂದರೆ ಆರು ಬೆರಳು ಎಂಬ ನಂಬಿಕೆ ಇನ್ನೂ ಹೋಗಿಲ್ಲ. 2022–23ರಲ್ಲಿ ಆ ಗುರುತು ನಡೆಯುತ್ತಿತ್ತು, ನಿಜ. ಈಗಿನ ಮಾದರಿಗಳು ಬಹುಪಾಲು ಕೈಯನ್ನು ಸರಿಯಾಗಿಯೇ ಬಿಡಿಸುತ್ತವೆ. ಡೀಪ್‌ಫೇಕ್ ವಿಡಿಯೊಗಳಲ್ಲಿ, ಅಂದರೆ ಎಐ ಬಳಸಿ ಒಬ್ಬರ ಮುಖವನ್ನು ನಕಲಿಯಾಗಿ ಕೂರಿಸಿದ ವಿಡಿಯೊಗಳಲ್ಲಿ, ಜನ ಸರಿಯಾಗಿ ಕಣ್ಣು ಮಿಟುಕಿಸುವುದಿಲ್ಲ ಎಂದು 2018ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಕೆಲವೇ ಸಮಯದಲ್ಲಿ ರೆಪ್ಪೆ ಬಡಿಯುವ ಡೀಪ್‌ಫೇಕ್‌ಗಳೂ ಬಂದವು. ಕಣ್ಣಿಗೆ ಕಾಣುವ ತಪ್ಪು ಯಾವುದೇ ಇರಲಿ, ಅದು ನಮಗೆ ಗೊತ್ತಾದ ದಿನವೇ ತಿದ್ದುವವರಿಗೂ ಗೊತ್ತಾಗಿರುತ್ತದೆ.

ಪಳಗಿದ ಕಣ್ಣೂ ಸೋಲುತ್ತದೆ, ಎರಡೂ ದಿಕ್ಕಿನಲ್ಲಿ. 2023ರ ಸೋನಿ ವರ್ಲ್ಡ್ ಫೋಟೊಗ್ರಫಿ ಸ್ಪರ್ಧೆಯ ಒಂದು ವಿಭಾಗದಲ್ಲಿ ಗೆದ್ದವರು, ‘ಇದು ಎಐ ಚಿತ್ರ’ ಎಂದು ಹೇಳಿ ಬಹುಮಾನ ನಿರಾಕರಿಸಿದರು. ಮರುವರ್ಷ ಇದಕ್ಕೆ ತದ್ವಿರುದ್ಧ: ಬೇರೊಂದು ಸ್ಪರ್ಧೆಯ ಎಐ ವಿಭಾಗದಲ್ಲಿ ಬಹುಮಾನ ಪಡೆದ ಫ್ಲೆಮಿಂಗೊ ಹಕ್ಕಿಯ ಚಿತ್ರ, ಕ್ಯಾಮೆರಾದಲ್ಲೇ ತೆಗೆದ ಅಸಲಿ ಫೋಟೊ ಎಂದು ತಿಳಿದು ಅನರ್ಹಗೊಂಡಿತು. ಆದ್ದರಿಂದ ಪರೀಕ್ಷೆ ಕಣ್ಣಿನಿಂದ ಶುರುವಾಗಬಾರದು. ಮೊದಲು ಎಲ್ಲಿಂದ ಬಂತು ಎಂದು ನೋಡಿ, ಆಮೇಲೆ ಕಡತದೊಳಗೆ ಏನಿದೆ ಎಂದು ನೋಡಿ. ಕಣ್ಣು, ಕಿವಿ ಕೊನೆಗೆ.

ಹಂತ 1: ಮೂಲ

ಸ್ಕ್ರೀನ್‌ಶಾಟ್ ತೆಗೆಯಬೇಡಿ, ಕಡತವನ್ನೇ ಉಳಿಸಿಕೊಳ್ಳಿ. ಚಿತ್ರ ಹಾಕಿದರೆ ಅದು ಜಾಲದಲ್ಲಿ ಬೇರೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್ ಮತ್ತು ಟಿನ್‌ಐ ಎರಡರಲ್ಲೂ ಹಾಕಿ ಹುಡುಕಿ. ಟಿನ್‌ಐನಲ್ಲಿ ಫಲಿತಾಂಶಗಳನ್ನು ‘ಅತಿ ಹಳೆಯದು ಮೊದಲು’ ಎಂದು ಜೋಡಿಸುವ ಅವಕಾಶವಿದೆ. ಚಿತ್ರ ಮೊದಲು ಯಾವಾಗ ಕಾಣಿಸಿಕೊಂಡಿತು ಎಂಬುದರ ಸುಳಿವು ಅಲ್ಲಿ ಸಿಗುತ್ತದೆ. ಚಾಟ್‌ಜಿಪಿಟಿ ಬಿಡುಗಡೆಯಾದದ್ದು 2022ರ ನವೆಂಬರ್ 30ರಂದು. ಚಿತ್ರ ತಯಾರಿಸುವ ಮಾದರಿಗಳು ಜನರ ಕೈಗೆ ಸಿಕ್ಕಿದ್ದೂ ಅದೇ ವರ್ಷ. ಚಿತ್ರ 2015ರದ್ದೆಂದು ಸಾಬೀತಾದರೆ ಎಐ ಪ್ರಶ್ನೆ ಅಲ್ಲಿಗೇ ಮುಗಿಯಿತು. ಹಳೆಯ ಚಿತ್ರಕ್ಕೆ ಹೊಸ ಸುಳ್ಳು ಅಂಟಿಸಿದ್ದಾರೆಯೇ ಎಂಬುದು ಬೇರೆ ತನಿಖೆ.

ವಿಡಿಯೊ ಆದರೆ ಆರಂಭ, ನಡು, ಕೊನೆಯಿಂದ ಒಂದೊಂದು ಚೌಕಟ್ಟು ತೆಗೆದು ಅದೇ ರೀತಿ ಹುಡುಕಿ. ಜನ ಸೇರಿದ್ದ ಜಾಗದ ಘಟನೆ ಎಂದು ಹೇಳುತ್ತಿದ್ದರೆ ಬೇರೆ ಕೋನದ ಚಿತ್ರ ಇದೆಯೇ ನೋಡಿ. ನೂರು ಜನರ ಮಧ್ಯೆ ನಡೆದದ್ದನ್ನು ಒಂದೇ ಫೋನ್ ಸೆರೆಹಿಡಿಯಿತು ಎಂಬುದು ಅಪರೂಪ.

ಹಂತ 2: ಕಡತದ ಹೊಟ್ಟೆಯೊಳಗೆ

ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದರೆ ಕ್ಯಾಮೆರಾ ಮಾದರಿ, ಲೆನ್ಸ್, ಷಟರ್ ವೇಗ, ದಿನಾಂಕ ಕಾಣುತ್ತವೆ. ಇವು ಇಲ್ಲದಿದ್ದರೆ ಗಾಬರಿ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಈ ಮಾಹಿತಿಯೆಲ್ಲ ಉದುರಿಹೋಗುತ್ತದೆ. ಕಳಿಸುವವರಿಗೆ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಹೇಳಿದರೆ ಮೂಲ ಕಡತ ಹಾಗೇ ಬರುತ್ತದೆ.

ಇಲ್ಲಿ ಸಿಗುವ ಸಾಕ್ಷ್ಯ ಕೆಲವೊಮ್ಮೆ ತಪ್ಪೊಪ್ಪಿಗೆಯಷ್ಟೇ ನೇರ. ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ತಯಾರಿಸುವ ಮಾದರಿಯನ್ನು ನಡೆಸಲು ಜನ ಹೆಚ್ಚಾಗಿ ಬಳಸುವ ತಂತ್ರಾಂಶಗಳು ಪಿಎನ್‌ಜಿ ಚಿತ್ರ ಕಡತದೊಳಗೆ ಪ್ರಾಂಪ್ಟನ್ನೇ (ಎಐಗೆ ಕೊಟ್ಟ ಸೂಚನೆಯನ್ನೇ) ಬರೆದಿಡುತ್ತವೆ. ಡಿಜಿಟಲ್ ಸೋರ್ಸ್ ಟೈಪ್ ಎಂಬ ಜಾಗದಲ್ಲಿ ‘ಟ್ರೇನ್ಡ್ ಆಲ್ಗರಿದಮಿಕ್ ಮೀಡಿಯಾ’ ಎಂದಿದ್ದರೆ, ಅದು ಎಐ ಚಿತ್ರವೆಂದು ತಯಾರಿಸಿದ ಸೇವೆಯೇ ಹೇಳಿಕೊಂಡಂತೆ.

ಇದಕ್ಕಿಂತ ಗಟ್ಟಿಯಾದದ್ದು ಕಂಟೆಂಟ್ ಕ್ರೆಡೆನ್ಷಿಯಲ್ಸ್. ಅಡೋಬಿ, ಬಿಬಿಸಿ, ಇಂಟೆಲ್, ಮೈಕ್ರೊಸಾಫ್ಟ್ ಮೊದಲಾದವು 2021ರಲ್ಲಿ ಕಟ್ಟಿದ ಸಿ2ಪಿಎ ಒಕ್ಕೂಟದ ಮಾನದಂಡ ಇದು. ಕಡತ ಎಲ್ಲಿ ಹುಟ್ಟಿತು, ಯಾವ ತಂತ್ರಾಂಶದಲ್ಲಿ ಏನು ತಿದ್ದಿದರು ಎಂಬುದು ಡಿಜಿಟಲ್ ಸಹಿಯೊಂದಿಗೆ ದಾಖಲಾಗಿರುತ್ತದೆ. 2023ರಲ್ಲಿ ಬಂದ ಲೈಕಾ ಎಂ11-ಪಿ ಇದನ್ನು ಕ್ಯಾಮೆರಾದೊಳಗೇ ಅಳವಡಿಸಿದ ಮೊದಲ ಮಾದರಿ. ಕಂಟೆಂಟ್ ಕ್ರೆಡೆನ್ಷಿಯಲ್ಸ್ ಜಾಲತಾಣದ ‘ವೆರಿಫೈ’ ಪುಟಕ್ಕೆ ಕಡತ ಏರಿಸಿದರೆ ದಾಖಲೆ ಕಾಣುತ್ತದೆ. ಇದರ ದೌರ್ಬಲ್ಯ ಒಂದೇ, ಆದರೆ ದೊಡ್ಡದು: ಒಂದು ಸ್ಕ್ರೀನ್‌ಶಾಟ್ ಸಾಕು, ದಾಖಲೆ ಮಾಯ.

ಗೂಗಲ್‌ನ ಸಿಂತ್‌ಐಡಿ ಇನ್ನೊಂದು ದಾರಿ. ಇದು ಕಡತದ ಪಕ್ಕದಲ್ಲಿ ಬರೆದ ಟಿಪ್ಪಣಿಯಲ್ಲ, ಪಿಕ್ಸೆಲ್‌ಗಳೊಳಗೇ ಹೆಣೆದ, ಕಣ್ಣಿಗೆ ಕಾಣದ ಗುರುತು. ಹಾಗಾಗಿ ಸಾಮಾನ್ಯ ಕತ್ತರಿಕೆ, ಕುಗ್ಗಿಸುವಿಕೆಗಳನ್ನು ತಾಳಿಕೊಳ್ಳುವಂತೆ ರೂಪಿಸಲಾಗಿದೆ. ಗೂಗಲ್‌ನ ಚಾಟ್‌ಬಾಟ್ ಆದ ಜೆಮಿನಿ ಆ್ಯಪ್‌ಗೆ ಚಿತ್ರ ಹಾಕಿ, ಗೂಗಲ್‌ನ ಎಐ ಮಾಡಿದ್ದೇ ಎಂದು ಕೇಳಬಹುದು. ಗುರುತು ಸಿಕ್ಕರೆ ಉತ್ತರ ಸಿಕ್ಕಿತು. ಸಿಗದಿದ್ದರೆ ಏನೂ ಸಾಬೀತಾಗಲಿಲ್ಲ, ಏಕೆಂದರೆ ಎಲ್ಲ ಕಂಪನಿಗಳೂ ಈ ಗುರುತು ಹಾಕುವುದಿಲ್ಲ. ಗುರುತು ಹುಡುಕುವುದು ಬೇರೆ, ‘ಇದನ್ನು ನೀನೇ ಬರೆದೆಯಾ’ ಎಂದು ಚಾಟ್‌ಬಾಟನ್ನು ಕೇಳುವುದು ಬೇರೆ. ಎಲ್ಲರಿಗೂ ಬರೆದುಕೊಟ್ಟದ್ದು ಅದಕ್ಕೆ ನೆನಪಿರುವುದಿಲ್ಲ; ಕೇಳಿದವರ ಧಾಟಿ ನೋಡಿ ಹೌದು ಎಂದುಬಿಡುತ್ತದೆ.

ಲೇಬಲ್‌ಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2024ರಲ್ಲಿ ಮೆಟಾ ತನ್ನ ತಾಣಗಳಲ್ಲಿ ‘ಎಐನಿಂದ ಮಾಡಿದ್ದು’ ಎಂಬ ಪಟ್ಟಿ ಹಚ್ಚತೊಡಗಿದಾಗ, ಸಣ್ಣಪುಟ್ಟ ತಿದ್ದುಪಡಿ ಮಾಡಿದ ಅಸಲಿ ಫೋಟೊಗಳಿಗೂ ಅದು ಅಂಟಿಕೊಂಡು ಛಾಯಾಗ್ರಾಹಕರು ರೇಗಿದರು. ಕೆಲವೇ ತಿಂಗಳಲ್ಲಿ ಅದು ‘ಎಐ ಮಾಹಿತಿ’ ಎಂದು ಬದಲಾಯಿತು.

ಹಂತ 3: ನೆರಳಿಗೆ ಗೆರೆ ಎಳೆಯಿರಿ

ಚರ್ಮದ ನುಣುಪು, ಹಲ್ಲಿನ ಸಾಲು ಇವೆಲ್ಲ ಅಭಿಪ್ರಾಯದ ವಿಷಯ. ಜ್ಯಾಮಿತಿ ಹಾಗಲ್ಲ. ಒಂದೇ ಬೆಳಕಿದ್ದಲ್ಲಿ ನೆರಳಿನ ತುದಿ, ಆ ನೆರಳು ಬೀಳಿಸಿದ ವಸ್ತುವಿನ ತುದಿ, ಬೆಳಕಿನ ಮೂಲ ಈ ಮೂರೂ ಒಂದೇ ಸರಳರೇಖೆಯಲ್ಲಿರಲೇಬೇಕು. ಯಾವುದಾದರೂ ಫೋಟೊ ಎಡಿಟರ್‌ನಲ್ಲಿ ಚಿತ್ರ ತೆರೆದು, ಸುತ್ತ ಖಾಲಿ ಜಾಗ ಬಿಟ್ಟುಕೊಂಡು, ಕಂಬದ ನೆರಳಿನ ತುದಿಯಿಂದ ಕಂಬದ ತುದಿಗೆ ಗೆರೆ ಎಳೆದು ಮುಂದುವರಿಸಿ. ಟೋಪಿಯ ಅಂಚು, ಮೇಜಿನ ಮೂಲೆ ಹೀಗೆ ಸ್ಪಷ್ಟವಾಗಿ ಹೊಂದುವ ಬಿಂದುಗಳನ್ನು ಆರಿಸಿ ಕನಿಷ್ಠ ಮೂರು ಗೆರೆ ಬೇಕು, ಐದಾದರೆ ಒಳ್ಳೆಯದು. ಎಲ್ಲವೂ ಒಂದೇ ಬಿಂದುವಿನಲ್ಲಿ ಕೂಡಬೇಕು. ಬೆಳಕು ಪಕ್ಕದಿಂದ ಬಿದ್ದಿದ್ದರೆ ಗೆರೆಗಳು ಹೆಚ್ಚುಕಡಿಮೆ ಸಮಾಂತರವಾಗಿ ಹೋಗಬಹುದು, ಅದೂ ಸರಿಯೇ. ಸೂರ್ಯ ಕ್ಯಾಮೆರಾದ ಬೆನ್ನಿಗಿದ್ದರೆ ಕೂಡುವ ಬಿಂದು ದಿಗಂತದ ಕೆಳಗೆ ಬರುತ್ತದೆ. ನೆಲ ಏರುತಗ್ಗಾಗಿದ್ದರೂ ಲೆಕ್ಕ ಕೆಡುವುದಿಲ್ಲ.

ಕೆಡುವುದು ಎಲ್ಲಿ? ಪನೋರಮಾ ಮತ್ತು ಅತಿ ಅಗಲದ ಲೆನ್ಸ್ ಚಿತ್ರಗಳಲ್ಲಿ, ಅಲ್ಲಿ ಸರಳರೇಖೆಯೇ ಬಾಗಿರುತ್ತದೆ. ಹಲವು ದೀಪಗಳಿರುವ ಕೋಣೆಯಲ್ಲಿ ಪ್ರತಿ ದೀಪದ ನೆರಳನ್ನು ಬೇರೆಬೇರೆಯಾಗಿ ನೋಡಬೇಕು. ಅಂಚು ಮಸುಕಾದ ನೆರಳಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ.

ಸಮತಲ ಕನ್ನಡಿಗೂ ಇದೇ ಉಪಾಯ: ವಸ್ತುವಿನ ಬಿಂದುವಿನಿಂದ ಪ್ರತಿಬಿಂಬದ ಅದೇ ಬಿಂದುವಿಗೆ ಗೆರೆ ಎಳೆದರೆ ಎಲ್ಲ ಗೆರೆಗಳೂ ಒಂದೆಡೆ ಸೇರಬೇಕು. ಆಮೇಲೆ ಹಿನ್ನೆಲೆಯ ಬೋರ್ಡುಗಳ ಅಕ್ಷರ, ಕನ್ನಡಕದ ಕಡ್ಡಿ, ಚೀಲದ ಪಟ್ಟಿ ಭುಜದ ಹಿಂದೆ ಎಲ್ಲಿಗೆ ಹೋಯಿತು ಎಂಬುದನ್ನು ನೋಡಿ. ಮುಖಕ್ಕಿಂತ ಈ ಮೂಲೆಗಳಲ್ಲೇ ತಪ್ಪು ಹೆಚ್ಚು. ಆದರೆ ಫೋನಿನ ಬ್ಯೂಟಿ ಫಿಲ್ಟರ್, ನೈಟ್ ಮೋಡ್, ಚಿತ್ರ ಹಿಗ್ಗಿಸುವ ಆ್ಯಪ್‌ಗಳು ಅಸಲಿ ಫೋಟೊದಲ್ಲೂ ಮೇಣದಂಥ ಚರ್ಮ, ಕಲಸಿದ ಅಕ್ಷರ ತರುತ್ತವೆ.

ವಿಡಿಯೊ, ದನಿ

ಎಐ ವಿಡಿಯೊ ತಯಾರಿಸುವ ಉಪಕರಣಗಳು ಒಮ್ಮೆಗೆ ಕೊಡುವುದು ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳ ತುಣುಕು. 2025ರಲ್ಲಿ ಬಂದ ಗೂಗಲ್‌ನ ವಿಯೊ 3ರದ್ದು 8 ಸೆಕೆಂಡು. ಉದ್ದದ ವಿಡಿಯೊದಲ್ಲಿ ಪದೇಪದೇ ದೃಶ್ಯ ತುಂಡಾಗುತ್ತಿದ್ದರೆ ತುಂಡುಗಳ ಉದ್ದ ಅಳೆಯಿರಿ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ಇಂಗ್ಲಿಷಿನ ‘ಇ’ ಕೀ ಒತ್ತುತ್ತ ಒಂದೊಂದೇ ಚೌಕಟ್ಟು ಮುಂದೆ ಹೋಗಿ, ಕಂಬದ ಹಿಂದೆ ಮರೆಯಾದ ವ್ಯಕ್ತಿ ಅದೇ ಬಟ್ಟೆಯಲ್ಲಿ ಹೊರಬಂದನೇ ಎಂದು ನೋಡಿ.

ದನಿಯ ವಿಷಯದಲ್ಲಿ ಕಿವಿ ಬಹಳ ಬಡ ಸಾಕ್ಷಿ. ಫೋನ್ ಕರೆಯ ಹಳೆಯ ಜಾಲ 300ರಿಂದ 3,400 ಹರ್ಟ್ಜ್‌ವರೆಗಿನ ಶಬ್ದವನ್ನಷ್ಟೇ ದಾಟಿಸುತ್ತದೆ; ಅಸಲಿ-ನಕಲಿಯ ಸೂಕ್ಷ್ಮ ವ್ಯತ್ಯಾಸ ಅಲ್ಲೇ ಸೋಸಿಹೋಗಿರುತ್ತದೆ. ಹಣ ಕೇಳುವ ಪರಿಚಿತ ದನಿ ಬಂದರೆ ಕರೆ ಕತ್ತರಿಸಿ, ನಿಮ್ಮಲ್ಲಿ ಮೊದಲೇ ಇದ್ದ ಸಂಖ್ಯೆಗೆ ನೀವೇ ಕರೆ ಮಾಡಿ. ಇದಕ್ಕಿಂತ ನಂಬಲರ್ಹ ಪರೀಕ್ಷೆ ಮನೆಯಲ್ಲಿ ಮಾಡುವಂಥದ್ದು ಇಲ್ಲ.

ಬರಹ: ಎಲ್ಲಕ್ಕಿಂತ ಕಷ್ಟ

ಬರಹಕ್ಕೆ ನೆರಳಿಲ್ಲ, ಕಡತದ ಗುರುತೂ ಸುಲಭಕ್ಕೆ ಉಳಿಯುವುದಿಲ್ಲ. ‘ಇದು ಕೇವಲ ಅದಲ್ಲ, ಇದೂ ಹೌದು’ ಎಂಬ ತಿರುವು, ಎಲ್ಲದಕ್ಕೂ ‘ಮಹತ್ವದ ಪಾತ್ರ ವಹಿಸುತ್ತದೆ’, ಮೂರು ಮೂರರ ಗುಂಪಿನಲ್ಲಿ ವಿಶೇಷಣಗಳು, ‘ಮಾಡಲ್ಪಟ್ಟಿದೆ’ ಎಂಬ ಕರ್ಮಣಿ ಪ್ರಯೋಗ, ಬೇಡದ ಕಡೆಯೆಲ್ಲ ‘ಒಂದು’, ಒಬ್ಬರನ್ನೇ ಒಮ್ಮೆ ‘ಅವನು’ ಇನ್ನೊಮ್ಮೆ ‘ಅವರು’ ಎನ್ನುವುದು: ಕನ್ನಡದ ಎಐ ಬರಹದಲ್ಲಿ ಇವು ಕಾಣುತ್ತವೆ. ತೊಡಕೆಂದರೆ, ಇಂಗ್ಲಿಷಿನಿಂದ ಅವಸರದಲ್ಲಿ ಅನುವಾದಿಸಿದ ಜಾಹೀರಾತು, ಸುತ್ತೋಲೆಗಳಲ್ಲೂ ಇವೇ ಇವೆ, ಅವನ್ನು ಬರೆದವರು ಮನುಷ್ಯರೇ. ಶೈಲಿ ಅನುಮಾನಕ್ಕೆ ಕಾರಣವಾಗಬಹುದು, ತೀರ್ಪಿಗಲ್ಲ.

ಗಟ್ಟಿ ಸುಳಿವುಗಳು ಬೇರೆಯೇ ಇವೆ. ಅಳಿಸಲು ಮರೆತ ಚಾಟ್‌ಬಾಟ್ ಮಾತು ಒಂದು. ಕೊಂಡಿಗಳ ಬಾಲದಲ್ಲಿ ‘ಚಾಟ್‌ಜಿಪಿಟಿ ಡಾಟ್ ಕಾಮ್’ ಉಳಿದುಕೊಂಡಿರುವುದು ಇನ್ನೊಂದು. ಆದರೆ ಇದು ಕೊಂಡಿ ಹುಡುಕಲು ಎಐ ಬಳಸಿದ್ದನ್ನು ಹೇಳುತ್ತದೆಯೇ ಹೊರತು ಬರೆಸಿದ್ದನ್ನಲ್ಲ. ಎಲ್ಲಕ್ಕಿಂತ ಉಪಯುಕ್ತ, ಇಲ್ಲದ ಆಕರಗಳು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹೊಸೆದುಕೊಟ್ಟ, ಎಂದೂ ಬಂದೇ ಇರದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಉಲ್ಲೇಖಿಸಿ 5,000 ಡಾಲರ್ ದಂಡ ತೆತ್ತರು. ಬರಹದಿಂದ ಐದು ಆಕರ ಆರಿಸಿ, ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ, ಡಿಒಐ (ಪ್ರಕಟಿತ ಲೇಖನಕ್ಕೆ ಕೊಡುವ ಕಾಯಂ ಗುರುತು) ಸಂಖ್ಯೆ ತೆರೆದು ನೋಡಿ. ಲೇಖಕರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಎಲ್ಲೂ ಇಲ್ಲ ಎಂಬುದು ಇದರ ಮಾಮೂಲಿ ರೂಪ.

ಪತ್ತೆ ಯಂತ್ರದ ಲೆಕ್ಕ

‘92% ಎಐ’ ಎಂದು ಕೆಂಪಕ್ಷರದಲ್ಲಿ ತೋರಿಸುವ ಉಪಕರಣಗಳನ್ನು ನಂಬುವ ಮೊದಲು ಈ ಲೆಕ್ಕ ಹಾಕಿ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ 2023ರ ಜನವರಿಯಲ್ಲಿ ಬಿಟ್ಟ ಪತ್ತೆ ಉಪಕರಣ, ಕಂಪನಿಯೇ ಹೇಳಿದಂತೆ, ಎಐ ಬರಹದಲ್ಲಿ 26% ಮಾತ್ರ ಹಿಡಿಯುತ್ತಿತ್ತು. ಮನುಷ್ಯರ ಬರಹದಲ್ಲಿ 9% ಅನ್ನು ಎಐ ಎನ್ನುತ್ತಿತ್ತು. 100 ಪ್ರಬಂಧಗಳಲ್ಲಿ 10 ಎಐ ಬರೆದದ್ದು ಎಂದಿಟ್ಟುಕೊಳ್ಳಿ. ಆ ಹತ್ತರಲ್ಲಿ ಸಿಕ್ಕಿಬೀಳುವುದು ಸುಮಾರು 3, ಉಳಿದ 90ರಲ್ಲಿ ತಪ್ಪಾಗಿ ಸಿಕ್ಕಿಬೀಳುವುದು ಸುಮಾರು 8. ಒಟ್ಟು 11 ‘ಕಳ್ಳ’ರಲ್ಲಿ 8 ಮಂದಿ ನಿರಪರಾಧಿಗಳು. 2023ರ ಜುಲೈನಲ್ಲಿ ಕಂಪನಿ ಆ ಉಪಕರಣವನ್ನು ಹಿಂತೆಗೆದುಕೊಂಡಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳ ಮೇಲೆ ಸ್ಟ್ಯಾನ್‌ಫರ್ಡ್ ಸಂಶೋಧಕರು ಅದೇ ವರ್ಷ 7 ಉಪಕರಣಗಳನ್ನು ಪರೀಕ್ಷಿಸಿದಾಗ, ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಎಐ ಎನಿಸಿಕೊಂಡವು. ಸರಳ ಪದ, ಊಹಿಸಬಹುದಾದ ವಾಕ್ಯ ಕಂಡರೆ ಯಂತ್ರಕ್ಕೆ ಅನುಮಾನ. ಕಲಿಯುತ್ತಿರುವವರು ಬರೆಯುವುದೇ ಹಾಗೆ.

ಹೊಸ ಉಪಕರಣ ಬಳಸಲೇಬೇಕಿದ್ದರೆ ಮೊದಲು ಅದನ್ನೇ ಪರೀಕ್ಷೆಗೆ ಕೂರಿಸಿ. ನಿಮ್ಮ ಭಾಷೆಯ, ಅದೇ ಪ್ರಕಾರದ, 2022ರ ನವೆಂಬರ್‌ಗೆ ಮುಂಚಿನ 100 ಬರಹಗಳನ್ನು ಹಾಕಿ. ಒಂದೂ ಎಐ ಎಂದು ಬರದಿದ್ದರೆ ತಪ್ಪಿನ ಪ್ರಮಾಣ ಸುಮಾರು 3%ರ ಒಳಗಿದೆ ಎನ್ನಬಹುದು. 20 ಬರಹ ಹಾಕಿ ಒಂದೂ ಸಿಗಲಿಲ್ಲವೆಂದು ಸಮಾಧಾನಪಟ್ಟುಕೊಳ್ಳಬೇಡಿ, ಆಗ ತಪ್ಪು ಸುಮಾರು 15%ವರೆಗೂ ಇರಲು ಸಾಧ್ಯ.

ಹಂತ 4: ಕೆಲಸದ ಜಾಡು ಕೇಳಿ

ಎಐ ಎಂದು ಸಾಬೀತುಪಡಿಸುವುದಕ್ಕಿಂತ, ಮನುಷ್ಯರು ಮಾಡಿದ್ದೆಂದು ತೋರಿಸುವುದು ಎಷ್ಟೋ ಸುಲಭ. ಕೆಲಸ ಮಾಡಿದವರ ಬಳಿ ಅದರ ಕಸ ಉಳಿದಿರುತ್ತದೆ. ಛಾಯಾಗ್ರಾಹಕರಾದರೆ ರಾ ಕಡತ (ಕ್ಯಾಮೆರಾ ಸೆರೆಹಿಡಿದ, ಇನ್ನೂ ಸಂಸ್ಕರಿಸದ ಮೂಲ), ಮತ್ತು ಅದರ ಹಿಂದಿನ-ಮುಂದಿನ ಎರಡು ಕ್ಲಿಕ್‌ಗಳನ್ನು ಕೇಳಿ. ಚಿತ್ರಕಾರರ ಬಳಿ ಪದರಗಳಿರುವ ಕಡತ ಮತ್ತು ಒರಟು ರೇಖಾಚಿತ್ರ, ಸಂಗೀತಗಾರರ ಬಳಿ ಪ್ರತ್ಯೇಕ ಟ್ರ್ಯಾಕ್‌ಗಳಿರುವ ಪ್ರಾಜೆಕ್ಟ್ ಇರುತ್ತದೆ. ಬರಹಗಾರರು ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ವರ್ಷನ್ ಹಿಸ್ಟರಿ ತೆರೆಸಿ. 1,200 ಪದ ಒಂದೇ ಗಳಿಗೆಯಲ್ಲಿ ಬಂದು ಕೂತಿದ್ದರೆ ಅದು ಬೇರೆಡೆಯಿಂದ ಅಂಟಿಸಿದ್ದು. ವರ್ಡ್‌ನಲ್ಲೋ ಫೋನಿನ ನೋಟ್ಸ್‌ನಲ್ಲೋ ಬರೆದು ತಂದಿರಬಹುದು, ಹಾಗಾದರೆ ಅದನ್ನು ತೋರಿಸಲು ಹೇಳಿ. ಅದೂ ಇಲ್ಲದಿದ್ದರೆ ಹತ್ತು ನಿಮಿಷ ಕೂತು ಮಾತಾಡಿ: ಈ ಪ್ಯಾರಾ ಮೊದಲು ಎಲ್ಲಿತ್ತು, ಏನನ್ನು ಕೈಬಿಟ್ಟಿರಿ, ಈ ಆಕರದ ಯಾವ ಭಾಗಕ್ಕೆ ನಿಮ್ಮ ಒಪ್ಪಿಗೆಯಿಲ್ಲ. ಉತ್ತರ ಬರೆದಿಟ್ಟುಕೊಳ್ಳಿ. ಯಾವ ಹಂತದಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನೂ ದಿನಾಂಕ ಹಾಕಿ ಅದರ ಕೆಳಗೇ ಬರೆಯಿರಿ.