ಶಾರ್ಕ್ ತೋರಿಸುವುದಾದರೆ ಮೊದಲು ನೆಲದಲ್ಲಿ ಕೂರಿ

ರಜೆಯಲ್ಲಿ ಅಕ್ವೇರಿಯಂ ನೋಡಿ ಬಂದ ಮಕ್ಕಳನ್ನು ಕೇಳಿ ನೋಡಿ. ಶಾರ್ಕ್ ಹೇಗಿತ್ತು? "ದೊಡ್ಡದಿತ್ತು." ಅಷ್ಟೇ. ಅಪ್ಪನ ಫೋನಿನಲ್ಲಿ ಮಾತ್ರ ಇನ್ನೂರು ಫೋಟೋ, ಎಲ್ಲದರಲ್ಲೂ ಮಗುವಿನ ಬೆನ್ನು ಶಾರ್ಕಿನ ಕಡೆಗೆ! ನಮ್ಮ ಕಾಸರಗೋಡಿನಲ್ಲಿ ಗಲ್ಫಿನ ನಂಟು ಜಾಸ್ತಿ, ಹಾಗಾಗಿ ದುಬೈ ಮಾಲ್‌ನ ಅಕ್ವೇರಿಯಂ ನೋಡಿದವರು ಬೇಕಾದಷ್ಟು ಮಂದಿ ಉಂಟು. ಉಳಿದವರು ಚೆನ್ನೈ ಮೇಲ್ ಹತ್ತಿ, ಅಲ್ಲಿ 2019ರಲ್ಲಿ ಶುರುವಾದ ವಿಜಿಪಿ ಮರೈನ್ ಕಿಂಗ್‌ಡಮ್‌ಗೆ ಹೋಗುತ್ತಾರೆ. ಎಲ್ಲಿಗೆ ಹೋದರೂ ಎಡವಟ್ಟು ಒಂದೇ, ಓಡುವುದು.

ಹಂತ 1: ಮೀನು ಮಾರ್ಕೆಟ್

ಹೌದು, ಅಕ್ವೇರಿಯಂಗೆ ಹೊರಡುವ ಮೊದಲು ಒಂದು ಬೆಳಿಗ್ಗೆ ಮಗುವನ್ನು ಮೀನು ಮಾರ್ಕೆಟಿಗೆ ಕರೆದುಕೊಂಡು ಹೋಗಿ. ಮೀನು ತಿನ್ನದ ಮನೆಯವರೂ ಮೂಗು ಮುಚ್ಚಿಕೊಂಡು ಹತ್ತು ನಿಮಿಷ ಹೋಗಬಹುದು. ಶಾರ್ಕ್ ಅಂದರೆ ನಮ್ಮ ತಾಟೆಯೇ, ಮಲಯಾಳದ ಸ್ರಾವು. ಸಣ್ಣ ತಾಟೆ ಸಿಕ್ಕಿದರೆ ಬಾಲದಿಂದ ತಲೆಯ ಕಡೆಗೆ ಮೆಲ್ಲ ಕೈ ಆಡಿಸಲಿ, ಉಪ್ಪುಕಾಗದದ ಹಾಗೆ ತರಚುತ್ತದೆ. ಚರ್ಮದ ತುಂಬ ಹಲ್ಲಿನಂಥ ಪುಟ್ಟ ಚಿಪ್ಪುಗಳು. ಆಮೇಲೆ ಪಕ್ಕದ ಬಂಗುಡೆಯನ್ನು ತೋರಿಸಿ. ಬಂಗುಡೆಯ ಕಿವಿರಿಗೆ ಮುಚ್ಚಳ ಉಂಟು, ತಾಟೆಗೆ ಇಲ್ಲ, ಬದಿಯಲ್ಲಿ ಬರೀ ಐದು ಸೀಳು. ಇದೊಂದು ಗೊತ್ತಿದ್ದರೆ ಸಾಕು.

ಇದು ಇನ್ನೊಂದಕ್ಕೂ ಉಪಯೋಗ. ಅಂಗಡಿಗಳಲ್ಲಿ ಗಾಜಿನ ತೊಟ್ಟಿಯಲ್ಲಿಟ್ಟು "ಶಾರ್ಕ್ ಮರಿ" ಅಂತ ಮಾರುತ್ತಾರಲ್ಲ, ಅದು ಆಗ್ನೇಯ ಏಷ್ಯಾದ ಸಿಹಿನೀರಿನ ಮೀನು. ಬೆಕ್ಕುಮೀನಿನ ಜಾತಿ, ಕಿವಿರಿಗೆ ಮುಚ್ಚಳ ಉಂಟು, ಮೀಸೆ ಇರುತ್ತದೆ. ದೊಡ್ಡದಾದರೆ ನಿಮ್ಮ ತೊಟ್ಟಿಗೆ ಹಿಡಿಸುವುದಿಲ್ಲ. ತರಬೇಡಿ.

ಹಂತ 2: ಟಿಕೆಟ್

ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಸ್ವೆಟರ್ ಇರಲಿ, ಒಳಗೆ ಎಸಿ ಜೋರು. ಮಿಣುಕುವ ಲೈಟಿನ ಶೂ ಮನೆಯಲ್ಲೇ ಇರಲಿ, ಕತ್ತಲೆಯಲ್ಲಿ ಮಗು ತನ್ನ ಕಾಲನ್ನೇ ನೋಡಿಕೊಂಡು ನಡೆಯುತ್ತದೆ.

ಹಂತ 3: ದೊಡ್ಡ ತೊಟ್ಟಿಯ ಎದುರು

ಹಾಳಾಗುವುದು ಇಲ್ಲಿ. ನಾನೇ ತಂಗಿಯ ಮಗನನ್ನು ಎತ್ತಿಕೊಂಡು ಸೀದಾ ತೊಟ್ಟಿಯೊಳಗಿನ ಗಾಜಿನ ಸುರಂಗದ ನಡುವೆ ನಿಲ್ಲಿಸಿ "ನೋಡು ನೋಡು" ಅಂದವಳು. ತಲೆಯ ಮೇಲೆ ಶಾರ್ಕಿನ ಬಿಳಿ ಹೊಟ್ಟೆ ಬಂತು, ಅವನು ಕಿರುಚಿದ ಕಿರುಚಿಗೆ ಹಿಂದಿದ್ದವರೆಲ್ಲ ಫೋನ್ ನಮ್ಮ ಕಡೆ ತಿರುಗಿಸಿದರು.

ಹಾಗೆ ಮಾಡಬೇಡಿ. ಮೊದಲು ಸುರಂಗ ಅಲ್ಲ, ಚಪ್ಪಟೆ ಗಾಜಿನ ಕಡೆಗೆ ಹೋಗಿ. ದುಬೈಯಲ್ಲಾದರೆ 1 ಕೋಟಿ ಲೀಟರ್ ನೀರಿನ ಆ ತೊಟ್ಟಿಯ ಮುಂಭಾಗ ಮಾಲ್‌ನ ಒಳಗಿಂದ ಸುಮ್ನೆ, ಟಿಕೆಟ್ ಇಲ್ಲದೆಯೇ ಕಾಣುತ್ತದೆ. 48 ಮೀಟರಿನ ಸುರಂಗಕ್ಕೆ ದುಡ್ಡು ಕೊಡುವ ಮೊದಲು ಅರ್ಧ ಗಂಟೆ ಇಲ್ಲಿ ಕಳೆಯಿರಿ. ನಡುವೆ ಜನ ನೂಕುತ್ತಾರೆ, ಅದಕ್ಕೆ ಒಂದು ಮೂಲೆ ಹಿಡಿದು ನೆಲದಲ್ಲೇ ಕೂರಿ, ಮಗು ಮಡಿಲಲ್ಲಿ. ಎರಡು ನಿಮಿಷ ಮಾತು ಬೇಡ, ಕಣ್ಣಿಗೆ ಕತ್ತಲೆ ಅಭ್ಯಾಸ ಆಗಲಿ. ನೀರು ಮತ್ತು ಗಾಜಿನಿಂದಾಗಿ ಮೀನು ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ಹೆದರುವ ಮಗುವಿಗೆ ಇದನ್ನು ಹೇಳಿ.

ಈಗ ಒಂದೇ ಒಂದು ಶಾರ್ಕ್ ಆರಿಸಿಕೊಳ್ಳಿ. ಗುರುತಿಗೆ ರೆಕ್ಕೆಯಲ್ಲಿ ಗಾಯದ ಕಲೆಯೋ, ಮುರುಕು ತುದಿಯೋ ಏನಾದರೂ ಸಿಗುತ್ತದೆ. ಮಗು ಅದಕ್ಕೊಂದು ಹೆಸರಿಡಲಿ. ಅದು ಮರೆಯಾದರೆ ಹಿಂದೆ ಓಡಬೇಡಿ, ಕೂತಲ್ಲೇ ಕೂರಿ, ಒಂದು ಸುತ್ತು ಹಾಕಿ ತಿರುಗಿ ಬಂದೇ ಬರುತ್ತದೆ. ಬಂದಾಗ ಐದು ಸೀಳು ಎಣಿಸಲಿ. ಸ್ಯಾಂಡ್ ಟೈಗರ್ ಜಾತಿಯ ಶಾರ್ಕ್ ಆದರೆ ಬಾಯಿಯಿಂದ ಹಲ್ಲು ಹೊರಗೇ ಚಾಚಿರುತ್ತದೆ, ಕೋಪದಿಂದ ಅಲ್ಲ, ಅದರ ಮುಖವೇ ಹಾಗೆ. ಶಾರ್ಕಿಗೆ ಉಳಿದ ಮೀನಿನ ಹಾಗೆ ಹೊಟ್ಟೆಯಲ್ಲಿ ಗಾಳಿಚೀಲ ಇಲ್ಲ. ಎಣ್ಣೆ ತುಂಬಿದ ದೊಡ್ಡ ಯಕೃತ್ತೇ ಮುಳುಗದ ಹಾಗೆ ನೋಡಿಕೊಳ್ಳುತ್ತದೆ. ಈ ಸ್ಯಾಂಡ್ ಟೈಗರ್ ಅಂತೂ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ತೊಟ್ಟಿಯ ಮರಳಿನಲ್ಲಿ ಉದುರಿದ ಹಲ್ಲು ಹುಡುಕಿ, ಕೆಲವೊಮ್ಮೆ ಸಿಗುತ್ತದೆ. ನನ್ನ ಪ್ರಕಾರ ಅಕ್ವೇರಿಯಂನಲ್ಲಿ ಇದಕ್ಕಿಂತ ಒಳ್ಳೆಯ ಆಟ ಇಲ್ಲ.

ಗಾಜು ಬಡಿಯುವುದು, ಫ್ಲಾಶ್ ಹಾಕುವುದು ಬೇಡವೇ ಬೇಡ. ಗಾಜಿನ ಎದುರು ಫ್ಲಾಶ್ ಹಾಕಿದರೆ ಫೋಟೋದಲ್ಲಿ ನಿಮ್ಮ ಫ್ಲಾಶೇ ಬರುವುದು, ಅಲ್ವಾ?

ಇಷ್ಟಾದ ಮೇಲೆ ಸುರಂಗಕ್ಕೆ ಹೋಗಿ, ಮಗು ತಾನೇ ಕೈ ಹಿಡಿದು ಎಳೆಯುತ್ತದೆ. ತೊರಕೆ, ಅಂದರೆ ಚಪ್ಪಟೆ ಮೈಯ ರೇ ಮೀನು, ತಲೆಯ ಮೇಲೆ ತೇಲಿದಾಗ ನಗುವ ಮುಖದ ಹಾಗೆ ಕಾಣುತ್ತದೆ. ಆ "ಕಣ್ಣು" ನಿಜಕ್ಕೂ ಮೂಗಿನ ಹೊಳ್ಳೆ, ಕಣ್ಣು ಬೆನ್ನಿನ ಕಡೆ ಇರುತ್ತದೆ. ಮೊದಲು ಹೇಳಬೇಡಿ, ಮಗು ಟಾಟಾ ಮಾಡಿ ಮುಗಿಸಲಿ.

ಹಂತ 4: ಉಳಿದದ್ದು

ಅಂಬಲಿ ಮೀನಿಗೆ (ಜೆಲ್ಲಿಫಿಶ್) ಮಿದುಳೂ ಇಲ್ಲ, ಹೃದಯವೂ ಇಲ್ಲ. ಕಡಲಕುದುರೆಯಲ್ಲಿ ಬಸುರಿ ಗಂಡು. ಆಕ್ಟೋಪಸ್‌ಗೆ ಮೂರು ಹೃದಯ. ಇಷ್ಟು ಸಾಕು, ಎಲ್ಲ ಬೋರ್ಡನ್ನೂ ಓದಿ ಹೇಳುತ್ತ ಹೋಗಬೇಡಿ. ಒಳಗೆ ಹೋಗುವಾಗ ಹಸಿರು ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದು, ಹೊರಗೆ ಬರುವಾಗ ಸುಳ್ಳು ಶಾರ್ಕ್ ಅಂಟಿಸಿ ಮಾರುವ ಕಡೆ ಇದ್ದರೆ ನಗುತ್ತಾ ಮುಂದೆ ನಡೆಯಿರಿ.

ನಮ್ಮ ಮಕ್ಕಳು ಕೊನೆಗೆ ಹೇಗೂ ಕೇಳುತ್ತಾರೆ: "ಇದನ್ನು ಪದಾರ್ಥ ಮಾಡ್ತಾರಾ?" ಅಂದರೆ, ಸಾರು ಮಾಡಿ ತಿನ್ನುತ್ತಾರಾ ಅಂತ. ನಾಚಿಕೊಳ್ಳಬೇಡಿ. ತಾಟೆಯ ಪದಾರ್ಥ ಮಾಡುತ್ತಾರೆ, ಆದರೆ ತಿಮಿಂಗಿಲ ಶಾರ್ಕನ್ನು ಹಿಡಿಯುವುದಕ್ಕೆ ನಮ್ಮ ದೇಶದಲ್ಲಿ 2001ರಿಂದ ನಿಷೇಧ ಉಂಟು, ಅಂತ ಇದ್ದದ್ದನ್ನೇ ಹೇಳಿ. ಮಗು ತಾನೇ ಹೆಸರಿಟ್ಟ ಶಾರ್ಕಿನ ಬಗ್ಗೆಯೇ ಕೇಳುತ್ತಿದ್ದರೆ ಮಾತ್ರ "ಇಲ್ಲ ಮಗಾ" ಅನ್ನಿ.